ಬಾರದ ದಿನದ ಲೆಕ್ಕ

ಒಂದು ದಿನ ತಪ್ಪಿಸಿದರೆ ಎರಡು ದಿನದ ಸಂಬಳ ಕಟ್. ಭಾನುವಾರವೋ ಹಬ್ಬದ ಹಿಂದಿನ ದಿನವೋ ಆದರೆ ಇನ್ನೂ ಹೆಚ್ಚು. ಬಟ್ಟೆ ಅಂಗಡಿಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಕೆಲಸಕ್ಕೆ ಸೇರುವವರಿಗೆ ಎಷ್ಟೋ ಕಡೆ ಮೊದಲ ದಿನವೇ ಬಾಯಿಮಾತಿನಲ್ಲಿ ಹೇಳಿಬಿಡುವ ನಿಯಮ ಇದು. ಇದಕ್ಕೆ ಶಿಸ್ತು ಎಂಬ ಹೆಸರೂ ಇದೆ. ಏನು, ಯಾಕೆ ಎಂದು ಕೇಳುವ ಮೊದಲೇ ದಂಡ ಹಾಕುವುದನ್ನು ಶಿಸ್ತೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಮಾಲೀಕರ ಕಷ್ಟವನ್ನು ಹಗುರವಾಗಿ ನೋಡುವಂತಿಲ್ಲ. ನಂದಿನಿ ಲೇಔಟಿನಂಥ ಬಡಾವಣೆಯ ಸಾಧಾರಣ ದಿನಸಿ ಅಂಗಡಿಯಲ್ಲಿ ಇರುವುದೇ ನಾಲ್ಕೈದು ಜನ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಬಿಲ್ಲು ಹಾಕುವ ಹುಡುಗಿ ಬರಲಿಲ್ಲ, ಫೋನು ಸ್ವಿಚ್ ಆಫ್ ಅಂದರೆ ಸಾಲು ಬಾಗಿಲು ದಾಟುತ್ತದೆ. ಲೋಡು ಇಳಿಸಬೇಕಾದ ಹುಡುಗ ಕೌಂಟರಿಗೆ ಬಂದು ನಿಲ್ಲುತ್ತಾನೆ, ಇನ್ನೊಬ್ಬಳು ಊಟ ಬಿಡುತ್ತಾಳೆ. ಆ ಸಂಜೆಯ ಭಾರ ಹೊತ್ತವರು ಇವರು. ಆದರೆ ಕಟ್ ಮಾಡಿದ ಎರಡನೆಯ ದಿನದ ಸಂಬಳ ಇವರ ಕೈಗೆ ಬರುವುದಿಲ್ಲ, ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬಾರದವಳಿಗೂ ನ್ಯಾಯ ಸಿಗಲಿಲ್ಲ, ಬಂದು ದುಡಿದವರಿಗೂ ಸಿಗಲಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗೈರುಹಾಜರಿಗೆ ಹಿಡಿಯುವ ಹಣ ಗೈರಾದ ಅವಧಿಯ ಸಂಬಳವನ್ನು ಮೀರಬಾರದು ಎಂಬುದು 1936ರ ವೇತನ ಪಾವತಿ ಕಾಯ್ದೆಯ ತತ್ವ. 2019ರ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ದಂಡ ಹಾಕುವುದೇ ಆದರೆ ಕಾರಣ ಹೇಳಲು ಅವಕಾಶ ಕೊಟ್ಟಿರಬೇಕು, ದಂಡದ ಮೊತ್ತ ಆ ವೇತನ ಅವಧಿಯ ಒಟ್ಟು ಸಂಬಳದ ಶೇ. 3ರ ಒಳಗಿರಬೇಕು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ಪೂರ್ತಿ ರಜೆ ಕೊಡಿಸುತ್ತದೆ. ಕಾಯಿಲೆಗೋ ಬೇರೆ ಸಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆಯೂ ಅದರಲ್ಲಿದೆ. ರಜೆ ಎಂಬುದು ಮಾಲೀಕರ ದಯೆ ಎಂದು ಎರಡೂ ಕಡೆಯವರು ನಂಬಿಕೊಂಡಿರುವುದರಿಂದಲೇ ಅರ್ಧ ಜಗಳ.

ಇನ್ನೊಂದು ಮಾತು. ಕೇಳಿದರೆ ರಜೆ ಸಿಗುತ್ತದೆ ಎಂಬ ಭರವಸೆ ಇದ್ದವರು ಹಿಂದಿನ ರಾತ್ರಿಯೇ ಫೋನು ಮಾಡುತ್ತಾರೆ. ಹೇಳಿದರೂ ಎರಡು ದಿನ, ಹೇಳದಿದ್ದರೂ ಎರಡು ದಿನ ಎಂದಾದರೆ ಬೈಗುಳ ಕೇಳಲು ಫೋನು ಯಾಕೆ ಮಾಡಬೇಕು? ಸ್ವಿಚ್ ಆಫ್ ಆಗುವ ಫೋನುಗಳಲ್ಲಿ ಎಷ್ಟೋ ಈ ನಿಯಮವೇ ಮಾಡಿಸಿದವು.

ಹಾಗಾಗಿ ಮೊದಲು ಬೇರ್ಪಡಿಸಬೇಕಾದದ್ದು ಬರಲಾಗದವರನ್ನು ಮತ್ತು ಬೇಕೆಂದೇ ಬಾರದವರನ್ನು. ಲಗ್ಗೆರೆಯಿಂದ ಬರುವವಳ ಮಗುವಿಗೆ ಜ್ವರ ಬಂದದ್ದೂ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡದ್ದೂ, ಪ್ರತಿ ಸೋಮವಾರ ಕಾರಣವಿಲ್ಲದೆ ಚಕ್ಕರ್ ಹೊಡೆಯುವುದೂ ಒಂದೇ ತೂಕದವಲ್ಲ. ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ್ದು ಇದನ್ನೇ: ಅನುಮತಿ ಇಲ್ಲದ ಗೈರೆಲ್ಲ ಉದ್ದೇಶಪೂರ್ವಕ ಆಗುವುದಿಲ್ಲ, ಅದನ್ನು ಸಾಬೀತು ಮಾಡಬೇಕು. 1993ರ ಡಿ.ಕೆ. ಯಾದವ್ ಪ್ರಕರಣ ಇನ್ನೂ ಕಣ್ಣು ತೆರೆಸುವಂಥದು. ಎಂಟು ದಿನಕ್ಕಿಂತ ಹೆಚ್ಚು ಬಾರದಿದ್ದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂಬ ನಿಯಮ ತೋರಿಸಿ ಕಾರ್ಖಾನೆಯೊಂದು ಕಾರ್ಮಿಕನ ಹೆಸರು ತೆಗೆದಿತ್ತು. ತನ್ನನ್ನು ಗೇಟಿನೊಳಗೇ ಬಿಡಲಿಲ್ಲ ಎಂಬುದು ಆತನ ಅಳಲು. ವಿಚಾರಣೆ ನಡೆದೇ ಇರಲಿಲ್ಲ. ಕೋರ್ಟು ಆತನನ್ನು ಅರ್ಧ ಹಿಂಬಾಕಿ ವೇತನದೊಂದಿಗೆ ಕೆಲಸಕ್ಕೆ ಮರಳಿಸಿತು. ಹಾಜರಿ ಪುಸ್ತಕ ನೋಡಿದರೆ ಆತ ಬರೀ ಗೈರು. ಕೇಳಿದ್ದರೆ ಮಾತ್ರ ಗೇಟಿನ ಕಥೆ ಹೊರಬರುತ್ತಿತ್ತು.

ನಾಲ್ಕು ಜನರ ಅಂಗಡಿಗೆ ಇದಕ್ಕೆಲ್ಲ ಎಚ್‌ಆರ್ ವಿಭಾಗ ಬೇಕಿಲ್ಲ. ಯಾರಿಗೆ ಯಾವ ದಿನ ರಜೆ ಎಂದು ವಾರಕ್ಕೆ ಮುಂಚೆ ಗೋಡೆಗೆ ಅಂಟಿಸುವುದು, ಹಬ್ಬದ ರಜೆಯನ್ನು ಸರದಿಯಲ್ಲಿ ಹಂಚುವುದು, ಬದಲಿಗೆ ನಿಂತವರಿಗೆ ಆ ಹೊತ್ತಿನ ಕೂಲಿ ಸೇರಿಸುವುದು. ಮರಳಿ ಬಂದವರನ್ನು ಗಿರಾಕಿಗಳ ಎದುರು ನಿಲ್ಲಿಸಿ ಬೈಯುವ ಬದಲು ಒಳಗೆ ಕೂರಿಸಿ ಕೇಳುವುದು, ಹೇಳಿದ್ದನ್ನು ಎರಡು ಸಾಲು ಬರೆದಿಡುವುದು. ಮಾಲೀಕರ ಅಕ್ಕನ ಮಗ ಹತ್ತೂವರೆಗೆ ಬಂದರೂ ಯಾರೂ ಕೇಳದ ಅಂಗಡಿಯಲ್ಲಿ ಇವೆಲ್ಲ ಕೆಲಸಕ್ಕೆ ಬಾರವು. ಮಿಕ್ಕವರು ನಿಯಮವನ್ನು ಅಳೆಯುವುದು ಅವನಿಂದಲೇ.

ಇಷ್ಟಾದರೂ ಸುಳ್ಳು ಹೇಳುತ್ತಲೇ ಇರುವವರು ಇದ್ದಾರೆ. ಅವರನ್ನು ಇಟ್ಟುಕೊಳ್ಳುವುದು ದುಡಿಯುವವರಿಗೆ ಮಾಡುವ ಅನ್ಯಾಯ, ತೆಗೆಯಲೇಬೇಕು. ಆರು ತಿಂಗಳು ಸೇವೆ ಮುಗಿಸಿದವರನ್ನು ತೆಗೆಯಲು ಸಕಾರಣವೂ, ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳವೂ ಬೇಕೆಂದು ರಾಜ್ಯದ ಕಾಯ್ದೆ ಹೇಳುತ್ತದೆ. ವಿಚಾರಣೆಯಲ್ಲಿ ದುರ್ನಡತೆ ರುಜುವಾತಾದರೆ ಮಾತ್ರ ನೋಟಿಸು ಬೇಕಿಲ್ಲ. ಹಾಗೆ ತೆಗೆದವರಿಗೂ ದುಡಿದ ದಿನಗಳ ಸಂಬಳ ಬಾಕಿ ಇರುತ್ತದಲ್ಲ, ಅದನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ ವೇತನ ಸಂಹಿತೆ. ‘ಮುಂದಿನ ವಾರ ಬಾ’ ಎಂದು ಅಲೆಸುವ ಹಕ್ಕು ಯಾವ ಮಾಲೀಕರಿಗೂ ಇಲ್ಲ.