ಡೊಂಕು ನೆಲ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ಚೆನ್ನಾಗಿ ಕುಣಿಯುವವಳೇ ಹಾಗಂದಳು. ಅವಳು ಹೇಳಿದ್ದು ನಿಜ.

ಎಂಟು ವರ್ಷದ ಮೊಮ್ಮಗಳು ಟಿ.ವಿ. ಮುಂದೆ ಬೆವರು ಸುರಿಸಿ ಕುಣಿದಳು. ನಾನು ಸೋಫಾದಿಂದ ಏಳದೆ ಬಲಗೈಯ ರಿಮೋಟು ಬೀಸಿದೆ. ಗೆದ್ದವನು ನಾನು! 'ತಾತಾ, ಇದು ಮೋಸ' ಎಂದು ಅತ್ತಳು. ಯಂತ್ರಕ್ಕೆ ತಿಳಿದದ್ದು ಕೈಯ ಅಲುಗಾಟ ಮಾತ್ರ. ಮಗುವಿನ ಹೆಜ್ಜೆ ಲೆಕ್ಕಕ್ಕೇ ಬರಲಿಲ್ಲ.

'ಆಟ ತಾನೆ, ಬಿಡಿ' ಎನ್ನುವವರಿದ್ದಾರೆ. ದುಡಿದವರಿಗಿಂತ ಕೈ ಬೀಸಿದವರಿಗೇ ಹೆಚ್ಚು ಸಲ್ಲುತ್ತದೆಂದು ಮಗುವಿಗೆ ಕಲಿಸುವುದು ಆಟವಲ್ಲ.

2010ರಲ್ಲೇ ಎಕ್ಸ್‌ಬಾಕ್ಸ್ 360ಕ್ಕೆ ಕಿನೆಕ್ಟ್ ಬಂದಿತ್ತು. ಇನ್‌ಫ್ರಾರೆಡ್ ಬೆಳಕು ಚೆಲ್ಲಿ, ದೂರ ಅಳೆದು, ತಲೆಯಿಂದ ಪಾದದವರೆಗೆ ಮೈಯನ್ನು ಗುರುತಿಸುವ ಕ್ಯಾಮರಾ ಅದು. ಅದರ 'ಡ್ಯಾನ್ಸ್ ಸೆಂಟ್ರಲ್' ಆಟದಲ್ಲಿ ನಮ್ಮ ಕಾಲು ತಪ್ಪಿದರೆ ತೆರೆಯ ಮೇಲಿನ ಕಾಲು ಕೆಂಪಾಗುತ್ತದೆ. 2017ರಲ್ಲಿ ಕಿನೆಕ್ಟ್ ತಯಾರಿಕೆಯನ್ನೇ ನಿಲ್ಲಿಸಿದರು. ಇದನ್ನು ಪ್ರಗತಿ ಎನ್ನಬೇಕೆ?

ಅಂಗಡಿಯವನು ಹೊಸದನ್ನೇ ಹೊಗಳುತ್ತಾನೆ. ಅದು ಅವನ ಕಸುಬು. ನೀವು ಕೇಳಬೇಕಾದದ್ದು ಒಂದೇ: 'ಇದು ಕಾಲನ್ನು ನೋಡುತ್ತದೆಯೇ?' ಉತ್ತರ ತಡವರಿಸಿದರೆ ಹಳೆಯ 360ನ್ನೇ ಕಿನೆಕ್ಟ್ ಸಮೇತ ಸೆಕೆಂಡ್ ಹ್ಯಾಂಡ್ ಕೊಳ್ಳಿ. ಆಟಗಳು ಡಿಸ್ಕಿನಲ್ಲೇ ಇರಲಿ. ಅದರ ಆನ್‌ಲೈನ್ ಅಂಗಡಿ 2024ರ ಜುಲೈಯಲ್ಲಿ ಮುಚ್ಚಿತು. ಟಿ.ವಿ. ಮುಂದೆ ಒಬ್ಬರಿಗೆ 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು.

ಜಾಗವಿಲ್ಲವೆ? ಸೋಫಾ ಹೊರಗೆ ಹಾಕಿ. ನಾವು ಹಾಕಿದೆವು. ಈಗ ದಿನವೂ ನಾನೇ ಸೋಲುತ್ತೇನೆ. ಅದೇ ನ್ಯಾಯ.