ಅಡ್ರಿನಲ್ ಯಾರ ಮಾತು ಕೇಳುತ್ತದೆ?



ನಿಮ್ಮ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಸ್ಟೀರಾಯ್ಡ್ ಗುಳಿಗೆ ನುಂಗುತ್ತಿದ್ದಾರೆಯೇ? ಹಾಗಿದ್ದರೆ ಈ ಸಲದ ನನ್ನ ಹರಟೆಯನ್ನು ದಯವಿಟ್ಟು ಅವರಿಗೂ ಓದಿ ಹೇಳಿ.

ನನ್ನ ನಾದಿನಿ ಕೀಲುನೋವಿಗೆಂದು ಒಂದು ವರ್ಷ ಆ ಗುಳಿಗೆ ತೆಗೆದುಕೊಂಡಳು. "ನೋವು ಹೋಯಿತಲ್ಲ ಅತ್ತಿಗೆ, ಇನ್ನು ಯಾಕೆ?" ಎಂದು ಒಂದು ದಿನ ತಾನೇ ನಿಲ್ಲಿಸಿಬಿಟ್ಟಳು. ವಾರದೊಳಗೆ ವಾಂತಿ, ಎದ್ದು ನಿಲ್ಲಲಾಗದಷ್ಟು ನಿತ್ರಾಣ, ಬಿಪಿ ಪಾತಾಳಕ್ಕೆ. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆಯೇ ಚೇತರಿಸಿಕೊಂಡದ್ದು.

ಇಂಗ್ಲಿಷ್ ಬಿ.ಎ. ಮಾಡಿದ ನನಗೆ ವಿಜ್ಞಾನ ಬಲುದೂರ. ಡಾಕ್ಟರನ್ನು ಕಾಡಿಸಿ, ಆಮೇಲೆ ಪುಸ್ತಕ ತಿರುವಿ ತಿಳಿದುಕೊಂಡೆ. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವುದು ಅಡ್ರಿನಲ್ ಗ್ರಂಥಿ. ಒಂದೊಂದರ ತೂಕ 4-5 ಗ್ರಾಂ ಅಷ್ಟೆ. ಅದರ ಹೊರಭಾಗವೇ ಕಾರ್ಟೆಕ್ಸ್. ಅದರ ನಡುವಿನ ಪದರಕ್ಕೆ ಕಾರ್ಟಿಸಾಲ್ ತಯಾರಿಸೆಂದು ಅಪ್ಪಣೆ ಕೊಡುವುದು ಮೆದುಳಿನಡಿಯ ಪಿಟ್ಯುಟರಿ, ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ. ಹೊರಗಿನಿಂದ ಗುಳಿಗೆ ಬರುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಅಪ್ಪಣೆಯಿಲ್ಲದೆ ಆ ಪದರ ಸೊರಗುತ್ತದೆ. ಗುಳಿಗೆ ಥಟ್ಟನೆ ನಿಂತರೆ ಅದಕ್ಕೆ ಏಳಲಾಗುವುದಿಲ್ಲ.

ಆದರೆ ಮೈಯ ಉಪ್ಪನ್ನು ಕಾಯುವ ಆಲ್ಡೊಸ್ಟಿರೋನ್ ತಯಾರಿಸುವ ತೀರಾ ಹೊರಗಿನ ಪದರ ಹಾಗೆ ಸೊರಗುವುದಿಲ್ಲವಂತೆ. ಅದು ಪಿಟ್ಯುಟರಿಯೊಂದನ್ನೇ ನೆಚ್ಚಿಲ್ಲ. ಕಿಡ್ನಿಯಿಂದ ಹೊರಡುವ ಸುದ್ದಿ, ರಕ್ತದ ಪೊಟ್ಯಾಸಿಯಂ ಇವು ಮುಖ್ಯ. ಜೊತೆಗೆ ನೆರೆಹೊರೆಯವರ ಪಿಸುಮಾತೂ ಉಂಟು! ಅಲರ್ಜಿಯಾದಾಗ ಮೈಮೇಲೆ ಗಂಧೆ ಏಳಿಸುವ ಮಾಸ್ಟ್ ಕೋಶಗಳು ಈ ಗ್ರಂಥಿಯಲ್ಲೂ ಇದ್ದು, ಸೆರೊಟೋನಿನ್ ಸುರಿಸಿ ಆಲ್ಡೊಸ್ಟಿರೋನನ್ನು ಹೆಚ್ಚಿಸುತ್ತವೆ. ನರಗಳ ಎಳೆಗಳೂ ಕಾರ್ಟೆಕ್ಸ್‌ವರೆಗೆ ಬಂದಿವೆ. ಇಲಿಗಳಲ್ಲಿ ಗ್ರಂಥಿಗೆ ಹೋಗುವ ನರವನ್ನು ಕತ್ತರಿಸಿ ನೋಡಿದ್ದಾರೆ. ಹಾರ್ಮೋನಿನ ದಿನನಿತ್ಯದ ಏರಿಳಿತವೇ ಕುಗ್ಗಿತಂತೆ. ಪಾಪದ ಇಲಿಗಳು.

ಇನ್ನೊಂದು ವಿಚಿತ್ರ 2013ರಲ್ಲಿ ಪ್ರಕಟವಾಯಿತು. ಗಂಟುಗಂಟಾಗಿ ಊದಿಕೊಂಡ ಕೆಲವು ರೋಗಿಗಳ ಅಡ್ರಿನಲ್‌ನಲ್ಲಿ ಕಾರ್ಟೆಕ್ಸ್‌ನ ಕೋಶಗಳು ತಾವೇ ಎಸಿಟಿಎಚ್ ತಯಾರಿಸುತ್ತಿದ್ದವು. ಸೊಸೆಯೇ ಅತ್ತೆಯ ದನಿಯಲ್ಲಿ ತನಗೆ ಅಪ್ಪಣೆ ಕೊಟ್ಟುಕೊಂಡ ಹಾಗೆ!

ನನ್ನ ನಾದಿನಿಯ ಸೊರಗಿದ ಪದರಕ್ಕೆ ಮಾತ್ರ ನೆರೆಹೊರೆಯ ಪಿಸುಮಾತು ಸಾಲಲಿಲ್ಲ. ಈಗ ಡಾಕ್ಟರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಎಳೆಯುತ್ತಾಳೆ. ನಿನ್ನೆ ಫೋನ್ ಮಾಡಿದ್ದಳು: "ಅತ್ತಿಗೆ, ಅರ್ಧ ಗುಳಿಗೆಗೆ ಬಂದೆ."