ಕಾರ್ಡಿನ ಪೂಜೆ ಸಾಕು, ಉಪಕೇಂದ್ರದ ಬೀಗ ತೆಗೆಯಿರಿ



ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಒಂದು ಮಠದಲ್ಲಿ ಪ್ರವಚನ ಮಂಗಲದ ದಿನ ಉಚಿತ ಆರೋಗ್ಯ ಶಿಬಿರವಿತ್ತು. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ನಾನು ಕುಳಿತಿದ್ದೆ. ಸಾಲಿನಲ್ಲಿ ಬಂದ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಆಯುಷ್ಮಾನ್ ಕಾರ್ಡನ್ನು ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಮುಂದಿಟ್ಟರು. "ಅಣ್ಣಾರ, ಇದರಾಗ ಐದು ಲಕ್ಷ ಅದಾವಂತ. ನನಗ ಬಿಪಿ ಗುಳಗಿ ಕೊಡಸ್ರಿ" ಎಂದರು. ನೋಡಿದರೆ ರಕ್ತದೊತ್ತಡ 190/110. ಎರಡು ತಿಂಗಳಿಂದ ಗುಳಿಗೆ ಇಲ್ಲ. ಊರಿನ ಉಪಕೇಂದ್ರಕ್ಕೆ ಬೀಗ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಲಿ ಬಿಟ್ಟು ಬಸ್ಸು ಹಿಡಿದು ಹೋದ ದಿನ ಅಲ್ಲಿ ಗುಳಿಗೆ ತೀರಿತ್ತು. ಈ ಕಾರ್ಡಿಗೆ ಗುಳಿಗೆ ಬರುವುದಿಲ್ಲವ್ವ, ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ನಡೆಯುತ್ತದೆ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಹಂಗಾರ ಲಕ್ವಾ ಹೊಡದ ಮ್ಯಾಲೆ ಬರಬೇಕೇನ್ರಿ?" ಎಂದು ಕೇಳಿದರು. ಅವರು ವ್ಯಂಗ್ಯಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಯೋಜನೆಯ ನಿಯಮ ನಿಜಕ್ಕೂ ಹಾಗೇ ಇದೆ.

ಆಯುಷ್ಮಾನ್ ಭಾರತಕ್ಕೆ ಎರಡು ಕಾಲುಗಳಿವೆ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಮರೆತಿದ್ದಾರೆ. ಮೊದಲನೆಯದು 2018ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯಂದು, ಛತ್ತೀಸಗಡದ ಬಿಜಾಪುರ ಜಿಲ್ಲೆಯಲ್ಲಿ ಆರಂಭವಾಯಿತು: ದೇಶದ ಒಂದೂವರೆ ಲಕ್ಷ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆಗಳೂ ನಡೆಯುವ ಕ್ಷೇಮ ಕೇಂದ್ರಗಳನ್ನಾಗಿ ಮಾಡುವುದು. ಎರಡನೆಯದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಂಚಿಯಲ್ಲಿ ಉದ್ಘಾಟನೆಯಾದ ವಿಮೆ: ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಒಳರೋಗಿ ಚಿಕಿತ್ಸೆ. ಜನರ ಬಾಯಲ್ಲಿ ಉಳಿದದ್ದು ಎರಡನೆಯದು ಮಾತ್ರ. ಮೊದಲನೆಯದಕ್ಕೆ 2023ರಲ್ಲಿ ಹೆಸರು ಬದಲಾಯಿಸಿ "ಆರೋಗ್ಯ ಮಂದಿರ" ಎಂದರು. ಹೆಸರಿಗೆ ತಕ್ಕಂತೆ ಬಾಗಿಲು ಹಾಕಿಕೊಂಡಿರುವ ಮಂದಿರಗಳೂ ಇವೆ. ಗುಡಿಯ ಬಾಗಿಲಲ್ಲಿ ಕಾಯುವುದನ್ನು ಹನ್ನೆರಡನೆಯ ಶತಮಾನದಲ್ಲೇ ಬಿಟ್ಟವರು ನಾವು!

ಕಾರ್ಡು ಬೇಡವೆಂದು ನಾನು ಹೇಳುತ್ತಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಹೊಲ ಮಾರಿದ ಕುಟುಂಬಗಳನ್ನು ನಾವೆಲ್ಲ ಕಂಡಿದ್ದೇವೆ. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಬಂದಾಗ, 2010ರಲ್ಲಿ ಕಲಬುರಗಿ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಶುರುವಾದಾಗ ಅಂಥ ಎಷ್ಟೋ ಮನೆಗಳು ಉಳಿದವು. ನನ್ನ ತಕರಾರು ಬೇರೆ. ಯಶಸ್ವಿನಿಯಿಂದ ಹಿಡಿದು ಇಂದಿನ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದವರೆಗೆ ನಾವು ದೊಡ್ಡ ಆಸ್ಪತ್ರೆಯ ಬಿಲ್ಲು ಕಟ್ಟುವುದನ್ನು ಕಲಿತೆವು, ಆ ಬಿಲ್ಲು ಬಾರದಂತೆ ನೋಡಿಕೊಳ್ಳುವುದನ್ನು ಕಲಿಯಲಿಲ್ಲ. ದಿನಕ್ಕೆ ಒಂದೆರಡು ರೂಪಾಯಿಯ ಗುಳಿಗೆ ಸಿಗದೆ ಕಿಡ್ನಿ ಹೋದರೆ ವಾರವಾರವೂ ಡಯಾಲಿಸಿಸ್‌ಗೆ ವಿಮೆ ಹಣ ಕೊಡುತ್ತದೆ. ಆಸ್ಪತ್ರೆಗೆ ಪ್ರತಿ ದಾಖಲಾತಿಗೂ ಪ್ಯಾಕೇಜಿನ ದರ ಬರುತ್ತದೆ. ನೂರು ಜನರ ಬಿಪಿಯನ್ನು ವರ್ಷವಿಡೀ ಹತೋಟಿಯಲ್ಲಿಟ್ಟ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ತಾಯಿ ತಪ್ಪಿಸಿದ ಡಯಾಲಿಸಿಸ್‌ಗೆ ವಿಮೆಯಿಂದ ಒಂದು ಪೈಸೆಯೂ ಬರುವುದಿಲ್ಲ.

ಆರೋಗ್ಯ ಕರ್ನಾಟಕದಲ್ಲಿ ಒಂದು ಒಳ್ಳೆಯ ನಿಯಮವಿದೆ. ತುರ್ತು ಸಂದರ್ಭ ಬಿಟ್ಟರೆ ರೋಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಖಾಸಗಿಗೆ ಹೋಗಬೇಕು. ಕೆಳಗಿನ ಹಂತ ಗಟ್ಟಿಯಾಗಲಿ ಎಂಬುದೇ ಇದರ ಉದ್ದೇಶ. ಆದರೆ ಅಲ್ಲಿ ವೈದ್ಯರನ್ನೂ ಔಷಧವನ್ನೂ ಕೊಡದೆ ಬರೀ ಚೀಟಿ ಪುಸ್ತಕ ಕೊಟ್ಟರೆ ಏನಾಗುತ್ತದೆ? ಜನ ಚೀಟಿಗಾಗಿ ಬರುತ್ತಾರೆ, ಚಿಕಿತ್ಸೆಗಾಗಿ ಅಲ್ಲ.

ಸರಕಾರದ ಆರೋಗ್ಯ ವೆಚ್ಚದ ಮೂರನೇ ಎರಡು ಭಾಗವಾದರೂ ಪ್ರಾಥಮಿಕ ಆರೈಕೆಗೆ ಹೋಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ಅದನ್ನು ನಡೆಸುವ ದಾರಿಯೂ ಗೊತ್ತಿಲ್ಲದ್ದಲ್ಲ. ಥಾಯ್ಲೆಂಡ್ 2002ರಲ್ಲಿ ಎಲ್ಲರಿಗೂ ಆರೋಗ್ಯ ರಕ್ಷೆ ತಂದಾಗ, ಹೊರರೋಗಿ ಚಿಕಿತ್ಸೆಯನ್ನೂ ರೋಗ ತಡೆಯುವ ಕೆಲಸವನ್ನೂ ಅದರೊಳಗೆ ಸೇರಿಸಿತು. ನೋಂದಾಯಿತ ಜನರ ತಲೆಯೆಣಿಸಿ ಸ್ಥಳೀಯ ಆರೋಗ್ಯ ಜಾಲಕ್ಕೆ ಹಣ ಕೊಟ್ಟಿತು. ನಮ್ಮ ವಿಮೆಯ ಹಣದ ಒಂದು ಪಾಲೂ ಹೀಗೆ ತಲೆಲೆಕ್ಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಬಿಪಿ, ಸಕ್ಕರೆ ಗುಳಿಗೆ ಕಾರ್ಡಿನ ಹಕ್ಕಾಗಲಿ. ಕೋಲಾರದಲ್ಲಿ 2024ರಲ್ಲಿ ಆರಂಭವಾದ "ಗೃಹ ಆರೋಗ್ಯ" ಮನೆಬಾಗಿಲಿಗೆ ತಪಾಸಣೆ ಒಯ್ದಿದೆ. ಸರಿಯಾದ ದಿಕ್ಕು. ಆದರೆ ತಪಾಸಣೆ ಮಾಡಿದ ಮೇಲೆ ಗುಳಿಗೆ ತಿಂಗಳು ತಪ್ಪದೆ ಸಿಗಬೇಕಲ್ಲ.

ಇನ್ನು ನಮ್ಮ ಮನೆಯ ಮಾತು. ಕೆಲವರಿಗೆ ಕಹಿಯಾದೀತು. ಬೆಳಗಾವಿ, ಕಲಬುರಗಿ, ವಿಜಯಪುರ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಮೈಸೂರು ಎಲ್ಲೆಡೆ ನಮ್ಮ ಮಠಗಳು, ನಮ್ಮ ಸಮಾಜದ ಸಂಸ್ಥೆಗಳು ವೈದ್ಯಕೀಯ ಕಾಲೇಜು ಕಟ್ಟಿವೆ. ಹೆಮ್ಮೆಯ ಸಂಗತಿಯೇ. ಆದರೆ ಸ್ಥಾವರ, ಜಂಗಮಗಳ ಭೇದ ಬಲ್ಲ ಸಮಾಜ ನಮ್ಮದು. ಸಾವಿರ ಹಾಸಿಗೆಯ ಕಟ್ಟಡ ಸ್ಥಾವರ. ಬಿಸಿಲಲ್ಲಿ ಮನೆಮನೆಗೆ ನಡೆಯುವ ಆಶಾ ತಾಯಿ ಜಂಗಮ. ನಾವು ಯಾವುದಕ್ಕೆ ಕಲಶ ಏರಿಸಿದ್ದೇವೆ? ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ವೈದ್ಯವೂ ಕಾಯಕವೆಂದು ಒಪ್ಪಿದ ಪರಂಪರೆಯಿದು. ಜಾತ್ರೆಯಲ್ಲಿ ನಡೆಯುವ ಒಂದು ದಿನದ ಶಿಬಿರಗಳಲ್ಲಿ ಕೆಲವು ದಾಸೋಹವಲ್ಲ, ಹಾಸಿಗೆ ತುಂಬಿಸುವ ಬಲೆ ಎಂದು ನಾನು ಬಲ್ಲೆ. ಎಲ್ಲ ಶಿಬಿರಗಳಿಗೂ ಈ ಮಾತು ಸಲ್ಲದು, ಸಲ್ಲುವವರಿಗೆ ಗೊತ್ತಿದೆ.

ಪೂಜ್ಯರಲ್ಲಿ, ಆಡಳಿತ ಮಂಡಳಿಗಳವರಲ್ಲಿ ನನ್ನ ಬಿನ್ನಹವಿಷ್ಟೆ. ವಿಮೆಯ ಹಣ ಪಡೆಯುವ ನಮ್ಮ ಆಸ್ಪತ್ರೆಗಳು ಅದರಲ್ಲೊಂದು ಪಾಲನ್ನು ದಾಸೋಹವೆಂದು ಎತ್ತಿಟ್ಟು ಸುತ್ತಲಿನ ಉಪಕೇಂದ್ರಗಳಿಗೆ ಗುಳಿಗೆಯ ಕೊರತೆ ಬಾರದಂತೆ ನೋಡಿಕೊಳ್ಳಲಿ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕೆಂಬ ನಿಯಮ ಈಗಾಗಲೇ ಇದೆ. ಅದು ಫೋಟೋಕ್ಕೆ ಮುಗಿಯದಿರಲಿ. ಪ್ರಸಾದ ನಿಲಯಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಅನ್ನವಿಕ್ಕಿದ ಮಠಗಳಿಗೆ ಇದು ಭಾರವೇ?

ಈ ಶ್ರಾವಣದ ಶಿಬಿರಕ್ಕೂ ನನ್ನನ್ನು ಕರೆದಿದ್ದಾರೆ. ಶಾಮಿಯಾನ, ಬ್ಯಾನರು, ಸನ್ಮಾನದ ಶಾಲು, ಇವುಗಳ ಖರ್ಚಿನ ಲೆಕ್ಕ ಮೊದಲು ತೋರಿಸಿರಿ, ಅಷ್ಟರಲ್ಲಿ ಆ ತಾಯಿಯ ಊರಿಗೆ ಎಷ್ಟು ತಿಂಗಳ ಗುಳಿಗೆ ಬರುತ್ತದೆಂದು ಕೂಡಿ ಲೆಕ್ಕ ಹಾಕೋಣ ಎಂದು ಕಾಗದ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.